ಕೊನೆಯ ಹಾಳೆ ಮುಟ್ಟಿ ನೋಡುತ್ತಿದ್ದ ದೊಡ್ಡಮ್ಮ

ಹರಿದ ಪುಸ್ತಕ ತಂದುಕೊಟ್ಟ ಪೆದ್ದ ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಮ್ಮ ಬೀದಿಯವರು ಓದಿ, ‘ತನ್ನ ಭಾಗ ಒಂದು ಬುಟ್ಟು ಮಿಕ್ಕಿದ್ದೆಲ್ಲ ಬರ್ದವ್ನೆ’ ಅಂತ ಮಾನ ಕಳೆಯುತ್ತಾರೆ.

ಕಳೆದ ವಾರ ಮಧುಗಿರಿ ಲೈಬ್ರರಿಯಲ್ಲಿ ಹಳೆಯ ಕಾದಂಬರಿಯೊಂದನ್ನು ತೆರೆದಾಗ ನಡುವಿನಿಂದ ಒಣಗಿದ ಕರಿಬೇವಿನ ಕಡ್ಡಿ ಜಾರಿ ಬಿತ್ತು. ಎಲೆಗಳು ಮುಟ್ಟಿದರೆ ಪುಡಿ. ಮೂಗಿನ ಹತ್ತಿರ ಹಿಡಿದೆ. ವಾಸನೆ ಇನ್ನೂ ಇತ್ತೋ, ಇದೆಯೆಂದು ನಾನೇ ಅಂದುಕೊಂಡೆನೋ... ಓದಿದ ಜಾಗಕ್ಕೆ ಕರಿಬೇವು ಇಟ್ಟು ಗುರುತು ಮಾಡುತ್ತಿದ್ದವರು ನಮ್ಮೂರಲ್ಲಿ ಒಬ್ಬರೇ. ಪಕ್ಕದ ಮನೆಯ ದೊಡ್ಡಮ್ಮ. ರಕ್ತಸಂಬಂಧವೇನಿಲ್ಲ, ಎರಡು ಮನೆಗೂ ನಡುವಿನ ಗೋಡೆ ಒಂದೇ, ಅಷ್ಟೇ ಸಂಬಂಧ.

ಅವರ ವಾರ ಮಂಗಳವಾರ ಶುರುವಾಗುತ್ತಿತ್ತು, ಏಕೆಂದರೆ ಸೋಮವಾರ ಲೈಬ್ರರಿಗೆ ರಜೆ. ಮಂಗಳವಾರ ಮನೆಗೆ ಬಂದ ಪುಸ್ತಕ ಭಾನುವಾರದೊಳಗೆ ಮುಗಿಯಬೇಕು, ನಡುವೆ ಸಂಸಾರವೂ ನಡೆಯಬೇಕು. ಪುಸ್ತಕವನ್ನು ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿಕೊಂಡು ಅಡುಗೆ ಮಾಡುತ್ತಿದ್ದರು. ಎಸರು ಕುದಿಯುವಷ್ಟರಲ್ಲಿ ಎರಡು ಪುಟ, ಒಗ್ಗರಣೆಗೆ ಎಣ್ಣೆ ಕಾಯುವಷ್ಟರಲ್ಲಿ ಅರ್ಧ ಪುಟ. ಒಗ್ಗರಣೆ ಸೀದ ವಾಸನೆ ಬಂದರೆ ಕಥೆಯಲ್ಲಿ ಏನೋ ಆಗಿದೆ ಅಂತ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಮೋಟರ್ ರಿವೈಂಡಿಂಗ್ ಅಂಗಡಿಯಿಂದ ಊಟಕ್ಕೆ ಬಂದ ದೊಡ್ಡಪ್ಪ ಸಾರು ಒಮ್ಮೆ ಮೂಸಿ, “ಇವತ್ತು ಯಾರು ಸತ್ರು?” ಅನ್ನುವರು.

“ಯಾರೂ ಸತ್ತಿಲ್ಲ. ಮದ್ವೆ ಮುರೀತು.”

“ಅಂಗಂದ್ರೆ ಮುದ್ದೆಯಾದ್ರೂ ಉಳ್ಕಂಡಿರ್ತೈತೆ ಬುಡು.”

ಈ ಸಂಭಾಷಣೆಯನ್ನು ಇಬ್ಬರ ದನಿಯಲ್ಲೂ ಮಾಡಿ ತೋರಿಸುವುದು ನನ್ನ ಕಸುಬಾಗಿತ್ತು. ಡಿಗ್ರಿ ಓದುತ್ತಿದ್ದೆ ಅನ್ನುವುದಕ್ಕಿಂತ ಕಾಲೇಜಿನವರನ್ನೆಲ್ಲ ಅಣಕಿಸುತ್ತಿದ್ದೆ ಅನ್ನುವುದೇ ಸರಿ. ಯಾರೂ ಸಿಗದಿದ್ದರೆ ರಿಸಲ್ಟ್ ನೋಡುವ ಹೊತ್ತಿನ ನನ್ನ ಮುಖವನ್ನೇ ಮಾಡಿ ತೋರಿಸುತ್ತಿದ್ದೆ.

ಆ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು, ದೊಡ್ಡಮ್ಮನ ಅತ್ತೆ. ಮೂರು ತಿಂಗಳು ಇಲ್ಲಿ, ಮೂರು ತಿಂಗಳು ಪಾವಗಡದ ಆಚೆ ವಳ್ಳೂರಿನಲ್ಲಿ ಕಿರಿಮಗನ ಮನೆಯಲ್ಲಿ. ಕಣ್ಣು ಮಂದ, ನಾಲಗೆ ಚುರುಕು. ಮದುವೆಯ ಹೊಸದರಲ್ಲಿ ಏನೋ ಮಾತಿಗೆ ಸೊಸೆಯನ್ನು ತವರಿಗೆ ಅಟ್ಟಿದ್ದರಂತೆ. ಅಂದಿನಿಂದ ಇಬ್ಬರಿಗೂ ನೇರ ಮಾತಿಲ್ಲ. ಅಜ್ಜಿ ಬೇಕಾದ್ದನ್ನು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಗೋಡೆಗೆ ಹೇಳುವರು: “ಕಾಫಿ ಅಂಬೋದು ಈ ಮನೇಲಿ ಐತಾ ಲೇದಾ?” ಗೋಡೆ ಸುಮ್ಮನಿರುತ್ತಿತ್ತು, ಕಾಫಿ ಬರುತ್ತಿತ್ತು.

ಆದರೆ ಹುಣಸೆಯ ಕಾಲ ಬಂದರೆ ಬೇರೆ. ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ಜಗಲಿಯಲ್ಲಿ ಹಣ್ಣಿನ ರಾಶಿ ಹಾಕಿಕೊಂಡು ಬೀಜ ಬಿಡಿಸಲು ಕೂರುವರು. ನಮ್ಮ ಬೀದಿಯ ಕಟ್ಟಳೆ ಎಂದರೆ, ದೊಡ್ಡಮ್ಮ ಗಟ್ಟಿಯಾಗಿ ಓದಬೇಕು, ಅವರ ಪಾಲಿನ ರಾಶಿಯನ್ನು ಮಿಕ್ಕವರು ಬಿಡಿಸಬೇಕು. ಆ ರಾಶಿಯಲ್ಲಿ ಎಲ್ಲರಿಗಿಂತ ಹೆಚ್ಚು ಬಿಡಿಸುತ್ತಿದ್ದವರು ಅಜ್ಜಿ. ಮಾತು ಬಿಟ್ಟ ಸೊಸೆಯ ಪಾಲನ್ನು, ಕಣ್ಣು ಕಾಣದಿದ್ದರೂ, ಬೆರಳಲ್ಲೇ ತಡವಿ... ದೊಡ್ಡಮ್ಮನೂ ಕಷ್ಟದ ಮಾತು ಬಂದ ಕಡೆ ಓದು ನಿಲ್ಲಿಸಿ, ಅದನ್ನು ಅಜ್ಜಿಯ ಕಡೆಯ ತೆಲುಗು ಬೆರೆಸಿ ಹೇಳಿ ಮುಂದಕ್ಕೆ ಹೋಗುವರು.

ಲೈಬ್ರರಿ ಪುಸ್ತಕಗಳಲ್ಲಿ ಎಷ್ಟೋ ಸಲ ಕೊನೆಯ ಹಾಳೆಯೇ ಹರಿದುಹೋಗಿರುತ್ತಿತ್ತು. ಅದಕ್ಕೇ ಪುಸ್ತಕ ತರುವಾಗ ದೊಡ್ಡಮ್ಮನದೊಂದು ಕ್ರಮವಿತ್ತು. ಮುಖ ಆಚೆ ತಿರುಗಿಸಿ, ಕೊನೆಯ ಹಾಳೆಯ ಮೇಲೆ ಅಂಗೈಯಿಟ್ಟು ನೋಡುವರು. ಹಾಳೆ ಇರುವುದು ಗೊತ್ತಾಗಬೇಕು, ಅದರಲ್ಲೇನಿದೆ ಎಂದು ಗೊತ್ತಾಗಬಾರದು! ಒಂದು ವರ್ಷ ಹುಣಸೆಯ ಕಾಲದಲ್ಲೇ ಅಜ್ಜಿಗೆ ಜ್ವರ ಬಂತು, ಬಿಟ್ಟು ಬರುವಂತಿರಲಿಲ್ಲ. ನನ್ನನ್ನು ಕಳಿಸಿದರು. “ಕೊನೇ ಹಾಳೆ ಐತಾ ಅಂತ ಮುಟ್ಟಿ ನೋಡ್ಕಂಡು ತಗಂಬಾ ಕಣ್ಲಾ.” ನಾನು ಲೈಬ್ರರಿಯವರ ಕೆಮ್ಮನ್ನು ಗೆಳೆಯರಿಗೆ ಕೆಮ್ಮಿ ತೋರಿಸುವ ಭರದಲ್ಲಿ ದಪ್ಪಗಿದ್ದ ಒಂದನ್ನು ಎತ್ತಿಕೊಂಡು ಬಂದೆ.

ಕಥೆ ಗಂಡನ ಮನೆ ಬಿಟ್ಟು ಹೋಗಿ, ಟೀಚರಾಗಿ ಒಬ್ಬಳೇ ಬದುಕುವ ಹೆಂಗಸಿನದು. ಅವಳನ್ನು ಓಡಿಸಿದ ಅತ್ತೆಯೇ ಮುಪ್ಪಿನಲ್ಲಿ ದಿಕ್ಕಿಲ್ಲದೆ ಅವಳನ್ನು ಹುಡುಕಿ ಬರುತ್ತಾಳೆ. ಗುರುವಾರದ ಹೊತ್ತಿಗೆ ಅಜ್ಜಿಯ ಜ್ವರ ಬಿಟ್ಟಿತ್ತು, ಕಥೆಯ ಜ್ವರ ಹತ್ತಿತ್ತು. ಶನಿವಾರ ಮಧ್ಯಾಹ್ನ ದೊಡ್ಡಮ್ಮ, ‘ಮುದುಕಿ ಬಾಗಿಲು ತಟ್ಟಿದಳು’ ಎಂದು ಓದಿ ಪುಟ ತಿರುಗಿಸಿದರು. ಬರೀ ರಟ್ಟು.

“ಏಮಾಯ್ತಮ್ಮಾ, ತೆಗೆದ್ಲಾ ಲೇದಾ?” ಅಂದರು ಅಜ್ಜಿ. ಗೋಡೆಗಲ್ಲ, ನೇರವಾಗಿ ಸೊಸೆಗೆ. ಜಗಲಿಯಲ್ಲಿ ಬೀಜ ಬೀಳುವ ಸದ್ದೂ ನಿಂತಿತು.

ಸೋಮವಾರ ಬೆಳಗಿನ ಬಸ್ಸಿಗೆ ಅಜ್ಜಿ ವಳ್ಳೂರಿಗೆ ಹೊರಡುವವರು. ಅವರ ಸರದಿ ಮುಗಿದಿತ್ತು. ಎಂಬತ್ತು ದಾಟಿದ ಜೀವ. ಬಾಗಿಲು ತೆರೆಯಿತೋ ಇಲ್ಲವೋ ಎಂದು ತಿಳಿಯದೆ ಹೋಗಬೇಕು.

ಸಂಜೆ ನನಗೊಂದು ಮಹಾ ಉಪಾಯ ಹೊಳೆಯಿತು. ದೊಡ್ಡಮ್ಮ ಹಿತ್ತಲಲ್ಲಿದ್ದಾಗ ಅಜ್ಜಿಯ ಪಕ್ಕ ಕೂತು, ದೊಡ್ಡಮ್ಮನದೇ ದನಿ ತೆಗೆದು, “ಹಾಳೆ ಸಿಕ್ತು” ಎಂದು ಓದತೊಡಗಿದೆ. ಬಾಗಿಲು ತೆರೆಸಿದೆ. ಇಬ್ಬರನ್ನೂ ತಬ್ಬಿಸಿ ಅಳಿಸಿದೆ. ಹೋಳಿಗೆ ಊಟವನ್ನೂ ಹಾಕಿಸುವುದರಲ್ಲಿದ್ದೆ.

“ಲೇ, ಯಾರ್ಲಾ ಅದು?” ಅಂದರು ಅಜ್ಜಿ. “ನನ್ ಸೊಸೆ ಇಂಥಾ ಕಡೆ ನಿಂತು ನಿಂತು ಓದ್ತಾಳೆ. ನೀನು ಬಸ್ಸಿಗೆ ಹೊತ್ತಾದಂಗೆ ಓಡ್ತಾ ಇದೀಯ.”

ಹಿಂದೆ ತಿರುಗಿದರೆ ಬಾಗಿಲಲ್ಲಿ ದೊಡ್ಡಮ್ಮ. ‘ನನ್ ಸೊಸೆ’ ಎಂಬ ಮಾತು ಅವರಿಗೆ ಕೇಳಿಸಿತ್ತು. ಬಯ್ಯಲಿಲ್ಲ. “ಬೆಳಿಗ್ಗೆ ಬೈಕ್‌ಗೆ ಪೆಟ್ರೋಲ್ ಹಾಕ್ಸು” ಎಂದರು.

ಭಾನುವಾರ ಮುದ್ದೆ, ಸಾರು ಮಾಡಿಟ್ಟು, ಹರಿದ ಪುಸ್ತಕವನ್ನು ಎದೆಗವಚಿಕೊಂಡು ನನ್ನ ಹಿಂದೆ ಕೂತರು. ಗಂಡನಿಲ್ಲದೆ ಊರು ದಾಟಿದ್ದು ಅವರಿಗೆ ಅದೇ ಮೊದಲು. ಕೊರಟಗೆರೆಯ ಲೈಬ್ರರಿಯಲ್ಲಿ ಆ ಪುಸ್ತಕ ಇರಲಿಲ್ಲ. ಹಿಂದಕ್ಕೆ ಬಂದು, ಮಧುಗಿರಿಯನ್ನೂ ದಾಟಿ ಶಿರಾಕ್ಕೆ ಹೋದೆವು. ಅಲ್ಲಿತ್ತು.

“ಮೆಂಬರ್ ಅಲ್ಲದೋರಿಗೆ ಕೊಡಲ್ಲಮ್ಮ” ಎಂದರು ಮೇಜಿನ ಹಿಂದಿದ್ದವರು.

“ಕೊಡ್ಬೇಡಿ ಸ್ವಾಮಿ. ಇಲ್ಲೇ ನಿಂತ್ಕಂಡು ಓದ್ತೀನಿ.”

ಅಭ್ಯಾಸಬಲ ನೋಡಿ, ಆಗಲೂ ಮೊದಲು ಮುಖ ತಿರುಗಿಸಿ ಕೊನೆಯ ಹಾಳೆಯ ಮೇಲೆ ಅಂಗೈಯಿಟ್ಟರು. ಆಮೇಲೆ ಓದಿದರು. ಇನ್ನೊಮ್ಮೆ ಓದಿದರು. ನಾನು ಫೋನ್ ತೆಗೆದು ಫೋಟೋ ಹೊಡೆಯಲೇ ಎಂದರೆ, “ಬ್ಯಾಡ. ನಾನೇ ಹೊತ್ಕಂಡು ಬತ್ತೀನಿ” ಎಂದರು. ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ, ತುಂಬಿದ ಕೊಡ ಹೊತ್ತವರ ಹಾಗೆ. ನನಗೂ ಅವತ್ತು ಯಾರನ್ನೂ ಅಣಕಿಸುವ ಮನಸ್ಸಾಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ದೊಡ್ಡಮ್ಮ ಕಾಲು ತೊಳೆದು ಬಂದು ಅಜ್ಜಿಯ ಎದುರಿಗೆ ಕೂತು ಹೇಳಿದರು. ಸೊಸೆ ಬಾಗಿಲು ತೆಗೆದಳು. ಅತ್ತೆ ಏನೂ ಹೇಳಲಿಲ್ಲ, ಕುಡಿಯಲು ನೀರು ಕೇಳಿದಳು. ಸೊಸೆ ಒಳಗೆ ಹೋಗಿ ನೀರು ತಂದುಕೊಟ್ಟಳು. ಅಷ್ಟೇ.

“ಅಷ್ಟೇನಾ?”

“ಅಷ್ಟೇ ಅತ್ತೆ.”

ಅಜ್ಜಿ, “ನಂಗೂ ಒಸಿ ನೀರು ಕೊಡಮ್ಮ” ಎಂದರು. ಮಾರನೆಯ ದಿನ ಬಸ್ಸು ಹತ್ತುವಾಗ, “ಮುಂದಿನ ಸಲ ಈ ಕೋತಿ ಕೈಲಿ ತರಿಸ್ಬ್ಯಾಡ” ಎಂದೂ ಸೊಸೆಗೇ ಹೇಳಿದರು. ಗೋಡೆಗೆ ಅವತ್ತಿನಿಂದ ಬಿಡುವು ಸಿಕ್ಕಿತು.

ಹೋದ ವರ್ಷದ ಚಳಿಗಾಲದಲ್ಲಿ ದೊಡ್ಡಮ್ಮ ಹೋಗಿಬಿಟ್ಟರು. ಎರಡೇ ದಿನದ ಕಾಯಿಲೆ. ಅಜ್ಜಿ ಇನ್ನೂ ಇದ್ದಾರೆ, ಈಗ ಪೂರಾ ಕಣ್ಣಿಲ್ಲ. ರಾಗಿಹಿಟ್ಟಿನ ಡಬ್ಬದ ಪಕ್ಕದ ಜಾಗ ಖಾಲಿ. ಒಗ್ಗರಣೆ ಈಗ ಸೀಯುವುದೇ ಇಲ್ಲ ಎಂದು ದೊಡ್ಡಪ್ಪ ದೂರುತ್ತಾರೆ...

ಕಳೆದ ವಾರ ಸಿಕ್ಕ ಕಾದಂಬರಿಯಲ್ಲಿ ಕರಿಬೇವಿನ ಕಡ್ಡಿಯನ್ನು ಇದ್ದಲ್ಲೇ ಇಟ್ಟು, ಕೊನೆಯ ಹಾಳೆಯ ಮೇಲೆ ಅಂಗೈಯಿಟ್ಟು ನೋಡಿ, ಆ ಪುಸ್ತಕವನ್ನು ಅಜ್ಜಿಯ ಹತ್ತಿರ ಒಯ್ದೆ. ಅಜ್ಜಿಗೆ ಸಂತೋಷವಾಗಲಿ ಎಂದು ದೊಡ್ಡಮ್ಮನ ದನಿಯಲ್ಲೇ ಶುರುಮಾಡಿದೆ. ಈ ಸಲ ಓಡಲಿಲ್ಲ, ನಿಂತು ನಿಂತು ಓದಿದೆ. ಎಷ್ಟು ಚೆನ್ನಾಗಿ ಬಂತೆಂದರೆ ನಾನೇ ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದೆ. ಅಜ್ಜಿ ಕೈ ಚಾಚಿ, ತಡವಿ, ಪುಸ್ತಕದ ಮೇಲೆ ಅಂಗೈಯಿಟ್ಟು ನಿಲ್ಲಿಸಿದರು.

“ನಿನ್ ದನೀಲೇ ಓದ್ಲಾ. ಅವಳ ದನಿ ನನ್ ತಾವ ಐತೆ.”