ಹೊಳೆಯಬಾರದ ಬೂಟು

ಲೆಸ್ಲಿ ದುಬೈಯ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷದಿಂದ ಅತಿಥಿಗಳ ಬೂಟು ಪಾಲಿಶ್ ಮಾಡುವವ. ಶನಿವಾರ ಮರಳುಗಾಡಿನಲ್ಲಿ ನಡೆಯುವ ಮೊದಲ ಮಹಾಯುದ್ಧದ ಮರುನಟನೆಯಲ್ಲಿ ಅವನೂ ಸಿಪಾಯಿ. ಆ ಕಾಲದಂಥದ್ದೇ ಬೂಟಿಲ್ಲದಿದ್ದರೆ ಸಾಲಿನಲ್ಲಿ ಜಾಗವಿಲ್ಲವೆಂದು ತಂಡದ ಹಿರಿಯ ಅರ್ಶದ್ ಸಾಹೇಬರು ಮೊದಲೇ ಹೇಳಿದ್ದರು.

ಅಲ್ ಕುಸೈಸ್‌ನ ಹಳೆ ಸಾಮಾನಿನ ಗೋದಾಮುಗಳನ್ನೆಲ್ಲ ಜಾಲಾಡಿ, ಚರ್ಮದ ಒರಟು ಮೈ ಹೊರಗಿರುವ, ಅಟ್ಟೆಗೆ ಕಬ್ಬಿಣದ ಮೊಳೆ ಬಡಿದ ಜೋಡಿಯನ್ನು ಲೆಸ್ಲಿ ಆರಿಸಿದ. ಆಯ್ಕೆ ಸರಿಯಾಗಿಯೇ ಇತ್ತು. ಆದರೆ ಸಾಹೇಬರು ಎಲ್ಲರ ವೇಷ ತಪಾಸಣೆ ಮಾಡುವ ಬೆಳಿಗ್ಗೆ ಹೆದರಿಕೆಯಿಂದ ಕೈ ಸುಮ್ಮನಿರಲಿಲ್ಲ, ಪಾಲಿಶ್ ಡಬ್ಬಿ ತೆಗೆದು ಬೂಟನ್ನು ಉಜ್ಜಿ ಹೊಳೆಯಿಸಿತು.

"ಎಂಥ ಮಾರಾಯ ಇದು? ಯುದ್ಧದಲ್ಲಿದ್ದವನ ಬೂಟು ಹೀಗೆ ಹೊಳೀತದಾ?" ಅರ್ಶದ್ ಸಾಹೇಬರು ಗಡಿಯಾರ ನೋಡಿದರು. "ಸಾಲು ನಿಲ್ಲಲಿಕ್ಕೆ ಹತ್ತು ನಿಮಿಷ ಉಂಟು. ಮರಳು ಹಾಕಿ ತಿಕ್ಕು, ಯಲ್ಲಾ, ಬೇಗ!"

ಲೆಸ್ಲಿ ಕುಕ್ಕರಗಾಲಲ್ಲಿ ಕೂತು ಬೊಗಸೆ ಮರಳೆತ್ತಿದ. ಇಷ್ಟು ವರ್ಷ ಬೂಟುಗಳಿಂದ ಮರಳು ಕೊಡವಿದ ಕೈ, ಅದನ್ನು ಸುರಿಯಲಾರದೆ ಬೂಟಿನ ಮೇಲೇ ತಡೆದು ನಿಂತಿತು.