ಮಾತು ಬಿದ್ದುಹೋದವನ ಮಗಳ ಮದುವೆ

ಮುನಿನಾರಾಯಣಪ್ಪ ಮಗಳ ಮದುವೆಯನ್ನು ಒಂದು ವರ್ಷ ಮೊದಲೇ ಗೊತ್ತುಮಾಡಿಟ್ಟಿದ್ದ. ವರ ಬೇರೆ ಯಾರೂ ಅಲ್ಲ, ಬಂಗಾರಪೇಟೆ ಪಕ್ಕದ ಹಳ್ಳಿಗೆ ಕೊಟ್ಟಿದ್ದ ತಂಗಿ ಅಮ್ಮಾಜಮ್ಮನ ಮಗ ಜಯರಾಮ. ಕನಕ ಹುಟ್ಟಿದಾಗಲೇ ಅಮ್ಮಾಜಮ್ಮ ತೊಟ್ಟಿಲ ಹತ್ತಿರ ನಿಂತು, "ಈ ಕೂಸು ನಂದು ಕಣಣ್ಣ" ಅಂದಿದ್ದಳು. ಅವನು ನಕ್ಕು, "ನಿಂದೇ ತಗೋ" ಅಂದಿದ್ದ. ಆ ಮಾತು ಬೆಳೆದು ಈಗ ಮದುವೆಯ ತನಕ ಬಂದಿತ್ತು. ಕಾರ್ತೀಕದಲ್ಲಿ ರಾಗಿ ಕೊಯ್ಲು ಮುಗಿದ ಮೇಲೆ ವೀಳ್ಯ ಬದಲಾಯಿಸುವುದು, ಸಂಕ್ರಾಂತಿ ಕಳೆದು ಬಂಗಾರಪೇಟೆ ಸಂತೆಯಲ್ಲಿ ಹುಣಸೆಹಣ್ಣು ಮೆಣಸಿನಕಾಯಿ ಕೊಳ್ಳುವುದು, ಶಿವರಾತ್ರಿಯ ಬಿಸಿಲಿಗೆ ಹಪ್ಪಳ ಸಂಡಿಗೆ ಹಾಕುವುದು, ವೈಶಾಖದಲ್ಲಿ ಧಾರೆ. ಇಷ್ಟನ್ನೂ ಅವನು ಊರಿಗಾಂ ಲೈನಿನ, ಅಂದರೆ ಚಿನ್ನದ ಗಣಿಯ ಕೂಲಿಗಳ ಸಾಲುಮನೆಗಳ, ಜನಕ್ಕೆಲ್ಲ ಹೇಳಿಕೊಂಡು ಬಂದಿದ್ದ. ಹೇಳದೆ ಇರುವ ಜಾತಿಯವನೇ ಅಲ್ಲ ಅವನು.

ಅವನ ಕೆಲಸ ಗಣಿಯೊಳಗೆ, ಬಂಡೆ ಕುಸಿಯದ ಹಾಗೆ ಸುರಂಗಕ್ಕೆ ಮರದ ಆಸರೆ ನಿಲ್ಲಿಸುವುದು. ಕೆಳಗಿನ ಆ ಸೆಕೆಯಲ್ಲಿ, ಕತ್ತಲಲ್ಲಿ, ಜೊತೆಗಾರರಿಗೆ ಅವನ ಬಾಯೇ ಒಂದು ಧೈರ್ಯ. ಪಕ್ಕದ ಮನೆಯ ಕುಪ್ಪುಸ್ವಾಮಿಯ ಜೊತೆ ತಮಿಳು, ಮೇಸ್ತ್ರಿಯ ಜೊತೆ ತೆಲುಗು, ಮನೆಯಲ್ಲಿ ಕನ್ನಡ. ಮೂರರಲ್ಲೂ ಒಂದೇ ಸಮ ಮಾತಾಡುತ್ತಿದ್ದ, ಮೂರರಲ್ಲೂ ಬೈಯುತ್ತಿದ್ದ.

ಐವತ್ತೆಂಟರ ಆಷಾಢದಲ್ಲಿ ಒಂದು ದಿನ ಪಾಳಿ ಮುಗಿಸಿ ಬಂದವನು ನಲ್ಲಿಯ ಹತ್ತಿರ ಮುಖ ತೊಳೆಯುತ್ತ ಹಾಗೇ ಪಕ್ಕಕ್ಕೆ ವಾಲಿದ. ಲಕ್ವ ಹೊಡೆದಿತ್ತು. ಗಣಿಯ ಆಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡರು. ಜೀವ ಉಳಿಯಿತು. ಬಲಗೈ ಬಲಗಾಲು ಹೋದವು. ಮಾತು ಮೂರು ಭಾಷೆಯಲ್ಲೂ ಬಿದ್ದುಹೋಯಿತು.

ಒಂದೇ ಒಂದು ಮಾತು ಉಳಿಯಿತು. ಅದು ಯಾಕೆ ಉಳಿಯಿತೋ ಡಾಕ್ಟರಿಗೂ ತಿಳಿಯದು. "ನೀರು" ಅನ್ನಲು ಬಾಯಿ ತೆರೆದರೆ "ಆಯ್ತು" ಎಂದು ಬರುತ್ತಿತ್ತು. ಹೆಂಡತಿಯನ್ನು ಕೂಗಲು ಹೋದರೂ "ಆಯ್ತು." ನೋವು ಅಂದರೂ "ಆಯ್ತು." ತಲೆಯೊಳಗೆ ಎಲ್ಲ ಮಾತೂ ಮೊದಲಿನಂತೆಯೇ ಸಾಲಾಗಿ ನಿಂತಿರುತ್ತಿದ್ದವು. ಯಾರು ಏನಂದರೂ ಅರ್ಥವಾಗುತ್ತಿತ್ತು. ಬಾಯಿಯ ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲವೂ ಅದೊಂದೇ ಆಗಿಬಿಡುತ್ತಿತ್ತು. ಮೊದಮೊದಲು ಅವನು ಎಡಗೈಯಿಂದ ಗೋಡೆ ಗುದ್ದಿ ಅಳುತ್ತಿದ್ದ. ಆಮೇಲಾಮೇಲೆ ಸುಮ್ಮನಾದ.

ಲೈನು ಮನೆ ಗಣಿಯದು. ಕೆಲಸ ಇರುವ ತನಕ ಮನೆ. ಕಚೇರಿಯಿಂದ ಬಂದ ಗುಮಾಸ್ತ ಮರ್ಯಾದೆಯಿಂದಲೇ ಹೇಳಿದ: ಮುಂದಿನ ಮಳೆಗಾಲದ ತನಕ ತೊಂದರೆಯಿಲ್ಲ, ಆಮೇಲೆ ಬಿಟ್ಟುಕೊಡಬೇಕು. ಮಗ ಇದ್ದು ಗಣಿಯಲ್ಲಿ ಕೆಲಸಕ್ಕಿದ್ದರೆ ಅವನ ಹೆಸರಿಗೆ ಬರೆದುಕೊಡಬಹುದಿತ್ತು. ಅಳಿಯನಾದರೂ ಸರಿ.

ಮುನಿನಾರಾಯಣಪ್ಪನಿಗೆ ಮಗನಿಲ್ಲ. ಇದ್ದವಳು ಕನಕ ಒಬ್ಬಳೇ. ಅವಳಿಗೆ ಗೊತ್ತಾಗಿದ್ದ ಜಯರಾಮ ಹೊಲ ಉಳುವವನು, ಗಣಿಯವನಲ್ಲ.

ಹೆಂಡತಿ ಮುತ್ಯಾಲಮ್ಮ ಆ ದಿನವೆಲ್ಲ ಒಲೆಯ ಮುಂದೆ ಕೂತಿದ್ದಳು. ಮಾರನೆಯ ವಾರ ಅವಳ ಅಣ್ಣ ಅಶ್ವತ್ಥಪ್ಪ ಬಂದ. ಅವನು ಗಣಿಯದೇ ಇನ್ನೊಂದು ಲೈನಾದ ಕೋರಮಂಡಲ್‌ನಲ್ಲಿದ್ದು ಕೆಲಸ ಮಾಡುತ್ತಿದ್ದವನು. ಅಣ್ಣ ತಂಗಿ ಹೊರಗೆ ಜಗಲಿಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿಕೊಂಡರು. ತಟ್ಟಿಗೋಡೆಯ ಮನೆ, ಒಳಗೆ ಚಾಪೆಯ ಮೇಲಿದ್ದವನಿಗೆ ಒಂದೊಂದು ಮಾತೂ ಕೇಳಿತು. ಆಂಜಿನಪ್ಪ ಅಂತ ಒಬ್ಬ ಹುಡುಗನಿದ್ದಾನೆ, ನಮ್ಮ ಪೈಕಿಯವನೇ, ಹುಡುಗ ಅಂದರೆ ಸ್ವಲ್ಪ ವಯಸ್ಸಾಗಿದೆ, ತಾಯಿತಂದೆ ಇಲ್ಲ, ಗಣಿಯಲ್ಲಿ ಖಾಯಂ ಕೆಲಸ, ಇನ್ನೂ ಯಾರದೋ ಮನೆಯ ಮೂಲೆಯಲ್ಲಿ ಮಲಗುತ್ತಾನೆ. ಮನೆ ಅಳಿಯನಾಗಿ ಬರಲು ಒಪ್ಪುತ್ತಾನೆ.

"ಅಮ್ಮಾಜಮ್ಮಂಗೆ ಕೊಟ್ಟಿರೋ ಮಾತು?" ಎಂದಳು ಮುತ್ಯಾಲಮ್ಮ.

"ಮಾತು ಕೊಟ್ಟೋನಿಗೇ ಮಾತಿಲ್ವಲ್ಲಮ್ಮ" ಎಂದ ಅಶ್ವತ್ಥಪ್ಪ. ಕುಹಕಕ್ಕೆ ಅಂದದ್ದಲ್ಲ.

ಕಾರ್ತೀಕದಲ್ಲಿ, ಮುನಿನಾರಾಯಣಪ್ಪ ತಾನೇ ಗೊತ್ತುಮಾಡಿದ್ದ ಕಾಲಕ್ಕೆ ಸರಿಯಾಗಿ, ಹಿರಿಯರು ಬಂದು ಕೂತರು. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ. ಮೂಲೆಯಲ್ಲಿ ಆಂಜಿನಪ್ಪ ಕೈಕಟ್ಟಿ ತಲೆತಗ್ಗಿಸಿ ಕೂತಿದ್ದ. ಮುಖದ ಮೇಲೆ ಸಿಡುಬಿನ ಕಲೆ. ಮುನಿನಾರಾಯಣಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು.

ಅಶ್ವತ್ಥಪ್ಪ ಹತ್ತಿರ ಬಂದು ಗಟ್ಟಿಯಾಗಿ, ಕಿವುಡರಿಗೆ ಹೇಳುವ ಹಾಗೆ ಕೇಳಿದ: "ಬಾವ, ಕನಕನ್ನ ಆಂಜಿನಪ್ಪಂಗೆ ಕೊಡಾಣ ಅಂತಿದೀವಿ. ಮದುವೆ ವೈಶಾಖಕ್ಕೇ. ನಿಂಗೆ ಒಪ್ಗೆ ತಾನೆ?"

ಬೇಡ, ಅಂದುಕೊಂಡ ಮುನಿನಾರಾಯಣಪ್ಪ. ಬೇಡ. ಎರಡೇ ಅಕ್ಷರ. ತುಟಿಯನ್ನು ಒತ್ತಿ ಹಿಡಿದು, ಕುತ್ತಿಗೆಯ ನರ ಉಬ್ಬಿಸಿ, ಇದ್ದ ಬಲವನ್ನೆಲ್ಲ ನಾಲಿಗೆಗೆ ತಂದ.

"ಆಯ್ತು" ಎಂದಿತು ಬಾಯಿ.

ಆಮೇಲೆ ಯಾರೋ, "ಅಪ್ಪನೇ ಒಪ್ಪಿದ ಮೇಲೆ ಇನ್ನೇನು" ಎಂದರು. ತಟ್ಟೆ ಕೈಯಿಂದ ಕೈಗೆ ದಾಟಿತು. ಅವನ ಕಣ್ಣಿಂದ ನೀರಿಳಿಯಿತು. ಬಂದಿದ್ದ ಹೆಂಗಸೊಬ್ಬಳು ಸೆರಗಿನಿಂದ ಅದನ್ನು ಒರೆಸಿ, "ಸಂತೋಸಕ್ಕೆ ಅಳ್ತಾವ್ರೆ, ಪಾಪ" ಎಂದಳು. ಮುತ್ಯಾಲಮ್ಮ ಮಾತ್ರ ಅತ್ತ ನೋಡಲಿಲ್ಲ.

ಸುದ್ದಿ ಬಂಗಾರಪೇಟೆಗೆ ತಲುಪಲು ಹೆಚ್ಚು ದಿನ ಬೇಕಾಗಲಿಲ್ಲ. ಅಮ್ಮಾಜಮ್ಮ ರೈಲು ಹತ್ತಿ ಒಬ್ಬಳೇ ಬಂದಳು. ಊರಿಗಾಂ ಸ್ಟೇಷನ್ನಿನಿಂದ ನಡೆದು ಬಂದ ಕಾಲಿನ ದೂಳೂ ತೊಳೆಯದೆ ಅಣ್ಣನ ಮುಂದೆ ಕೂತಳು.

"ನಾನು ಯಾರ ಮಾತೂ ನಂಬಲ್ಲ. ನಿನ್ನೇ ಕೇಳ್ತೀನಿ. ನೀನೇ ಒಪ್ಪಿದ್ಯಂತೆ. ನಿಜಾನಾ ಅಣ್ಣ?"

ಅವನು ಬಾಯಿ ಮುಚ್ಚಿಕೊಂಡ. ಮುಚ್ಚಿಕೊಂಡೇ ಇರಬೇಕೆಂದು ಹಲ್ಲು ಕಚ್ಚಿದ. ತಲೆಯನ್ನಾದರೂ ಅಲ್ಲಾಡಿಸೋಣ ಎಂದರೆ ಅದು ಹೇಗೆ ಹೇಗೋ ಓಲಾಡಿತು, ಹೌದೋ ಅಲ್ಲವೋ ಅವನಿಗೇ ಗೊತ್ತಾಗಲಿಲ್ಲ. ತಂಗಿ ಅವನ ಗಲ್ಲ ಹಿಡಿದುಕೊಂಡಳು. "ಒಂದ್ ಮಾತು ಆಡಣ್ಣ, ಒಂದೇ ಒಂದು." ಆ ಮುಖ ನೋಡಿ ತಡೆಯಲಾಗಲಿಲ್ಲ. ಅಮ್ಮಾಜೀ, ಇಲ್ಲ ಕಣೇ, ಎನ್ನಲು ಹೋದ.

"ಆಯ್ತು. ಆಯ್ತು. ಆಯ್ತು."

ಅವನ ಬಾಯಲ್ಲಿ ಉಳಿದದ್ದು ಅದೊಂದೇ ಮಾತೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಕೈ ಬಿಟ್ಟಳು. ಮುತ್ಯಾಲಮ್ಮ ತಂದಿಟ್ಟ ಮಜ್ಜಿಗೆಯನ್ನು ಮುಟ್ಟದೆ ಎದ್ದಳು. ಬಾಗಿಲ ಹತ್ತಿರ ಕನಕ ನಿಂತಿದ್ದಳು. ಅವಳ ತಲೆ ಸವರಿ ಇಳಿದುಹೋದಳು.

ಮದುವೆಯ ಕೆಲಸಗಳು ಒಂದರ ಹಿಂದೊಂದು ಬಂದವು. ಅವನು ಹೇಳಿದ್ದಂತೆಯೇ ಸಂಕ್ರಾಂತಿ ಕಳೆದು ಹುಣಸೆಹಣ್ಣು ಬಂತು. ಶಿವರಾತ್ರಿಯ ಬಿಸಿಲಿಗೆ ಲೈನಿನ ಹೆಂಗಸರೆಲ್ಲ ಸೇರಿ ಜಗಲಿಯ ಮುಂದೆ ಸೀರೆ ಹಾಸಿ ಸಂಡಿಗೆ ಇಟ್ಟರು. ಮುನಿನಾರಾಯಣಪ್ಪನನ್ನು ಹೊರಗೆ ತಂದು ಕೂರಿಸಿ ಎಡಗೈಗೆ ಒಂದು ಕೋಲು ಕೊಟ್ಟರು, ಕಾಗೆ ಓಡಿಸಲು. ಹೆಂಗಸರು ಹೋಗಿ ಬಂದು, "ಮಗಳ ಮದುವೇಗೆ ಅಪ್ಪನೂ ಕೆಲಸ ಮಾಡ್ತಾವ್ರೆ" ಎಂದು ಅಕ್ಕರೆಯಿಂದಲೇ ನಗುತ್ತಿದ್ದರು. ಅವನು ಕೋಲು ಬೀಸುತ್ತಿದ್ದ. ಇನ್ನೇನು ಮಾಡಬಲ್ಲ?

ಕನಕ ಅಪ್ಪನಿಗೆ ತಲೆ ಬಾಚುವಾಗ, ಊಟ ತಿನ್ನಿಸುವಾಗ ಮುಖ ನೋಡುತ್ತಿರಲಿಲ್ಲ. ಒಂದು ದಿನ ತಾನಾಗಿಯೇ ಅಂದಳು: "ನಾನು ಎಲ್ಗೂ ಓಗಲ್ವಲ್ಲಪ್ಪ, ಇಲ್ಲೇ ಇರ್ತೀನಲ್ಲ. ಒಳ್ಳೇದೇ ಆಯ್ತಲ್ವಾ?" ಅಂದು, ಅನ್ನ ಕಲಸುವುದನ್ನು ಮುಂದುವರಿಸಿದಳು. ಅವಳಿಗೆ ಜಯರಾಮನ ಮೇಲೆ ಎಷ್ಟು ಮನಸ್ಸಿತ್ತು ಎಂಬುದನ್ನು ಅವನು ಯಾವತ್ತೂ ಕೇಳಿರಲಿಲ್ಲ. ಕೇಳಬಹುದಾಗಿದ್ದ ಕಾಲದಲ್ಲಿ ಕೇಳಬೇಕೆಂದು ತೋಚಿರಲಿಲ್ಲ.

ಅನುಮಾನ ಬಂದವನು ಕುಪ್ಪುಸ್ವಾಮಿ ಒಬ್ಬನೇ. ದಿನಾ ಸಂಜೆ ಪಾಳಿ ಮುಗಿಸಿ ಬಂದು ಗೆಳೆಯನ ಪಕ್ಕ ಬೀಡಿ ಸೇದುತ್ತ ಕೂರುವವನು. ಯುಗಾದಿ ಕಳೆದ ಮೇಲೆ ಒಂದು ಸಂಜೆ, "ಅಣ್ಣೇ, ನೀ ಎಲ್ಲಾದಕ್ಕೂ ಆಯ್ತು ಅಂತೀಯ. ನಾ ನಿಂಗೆ ಸಾವು ಬರ್ಲಿ ಅಂದ್ರೂ ಆಯ್ತು ಅಂತೀಯ. ಅಲ್ವಾ?" ಎಂದ. ಮುನಿನಾರಾಯಣಪ್ಪ ಅವನನ್ನೇ ನೋಡಿದ. ಕುಪ್ಪುಸ್ವಾಮಿ ಅವನ ಎಡಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. "ಬಾಯಿ ಬ್ಯಾಡ. ಇಲ್ಲ ಅನ್ನೋದಾದ್ರೆ ಕೈ ಅದುಮು. ಈ ಮದುವೆ ನಿಂಗೆ ಇಷ್ಟಾನಾ?"

ಅವನು ಅದುಮಿದ. ಮರದ ತೊಲೆ ಎತ್ತಿ ನಿಲ್ಲಿಸಿದ್ದ ಕೈ ಅದು. ಕುಪ್ಪುಸ್ವಾಮಿ "ಅಯ್ಯೋ ಕಡವುಳೇ" ಎಂದು ಎದ್ದು ನಿಂತ. ಮುನಿನಾರಾಯಣಪ್ಪನಿಗೆ ಎಷ್ಟೋ ತಿಂಗಳ ಮೇಲೆ ಯಾರೋ ಬಾಗಿಲು ತೆರೆದಂತಾಯಿತು.

ಮರುದಿನ ಮಧ್ಯಾಹ್ನ, ಕನಕ ನಲ್ಲಿಗೆ ಹೋಗಿದ್ದಾಗ, ಮುತ್ಯಾಲಮ್ಮ ಬಂದು ಅವನೆದುರು ಕೂತಳು. ಅರಿಶಿನ ಕುಟ್ಟುತ್ತಿದ್ದವಳು, ಕೈಯೆಲ್ಲ ಹಳದಿ.

"ಕುಪ್ಪುಸ್ವಾಮಿ ಯೋಳ್ದ" ಎಂದಳು. "ನಿಂಗೆ ಬ್ಯಾಡ ಅಂತ ನಂಗೆ ಗೊತ್ತಿಲ್ವಾ? ವೀಳ್ಯದ ದಿನಾನೇ ಗೊತ್ತು. ಇಷ್ಟು ವರ್ಷ ಸಂಸಾರ ಮಾಡಿವ್ನಿ, ನಿನ್ ಕಣ್ಣು ನೋಡಿದ್ರೆ ತಿಳೀದಾ?"

ಅವನು ಬೆಚ್ಚಿದ. ಅವಳು ಮಾತು ನಿಲ್ಲಿಸಲಿಲ್ಲ.

"ಅಮ್ಮಾಜಿ ಮಗಂಗೆ ಕೊಟ್ಬಿಟ್ಟು ಮಳೆಗಾಲಕ್ಕೆ ಈ ಮನೆ ಬಿಟ್ರೆ ನಿನ್ನ ಎಲ್ಲಿಗೆ ತಕ್ಕೊಂಡೋಗ್ಲಿ? ಅವ್ಳ ಮನೇಗಾ? ಆ ಇಕ್ಕಟ್ಟಲ್ಲಿ ಅವ್ರೇ ಒಬ್ರ ಮೇಲೊಬ್ರು ಮಲಗ್ತಾರೆ. ನಿನ್ನ ದನ ಕಟ್ಟೋ ತಾವು ಮಲಗಿಸ್ಲಾ? ಇಲ್ಲಿ ಕೂಗಿದ್ರೆ ಲೈನಿನೋರೆಲ್ಲ ಓಡ್ಬತ್ತಾರೆ, ಆಸ್ಪತ್ರೆ ಐತೆ. ಅಲ್ಲಿ ಇನ್ನೊಂದ್ಸಲ ಲಕ್ವ ಒಡೆದ್ರೆ ನಾನು ಯಾರನ್ನ ಕೂಗ್ಲಿ?"

ಅವಳು ಅವನ ಎಡಗೈ ಹಿಡಿದುಕೊಂಡಳು. ಅರಿಶಿನ ಅವನ ಬೆರಳಿಗೂ ಹತ್ತಿತು.

"ಯೋಳು. ನೀನೇ ಒಂದು ದಾರಿ ತೋರ್ಸು. ಬ್ಯಾಡ ಅಂತ ಅದುಮು, ಈಗ್ಲೇ ಓಗಿ ಅಣ್ಣನ ಕಾಲಿಡ್ದು ವೀಳ್ಯ ವಾಪಸ್ ಕೊಡಿಸ್ತೀನಿ. ಆಮೇಲೆ ಏನ್ ಮಾಡ್ಲಿ ಅಂತಾನೂ ನೀನೇ ಯೋಳ್ಬೇಕು."

ಅದುಮುವ ಶಕ್ತಿ ಕೈಯಲ್ಲಿತ್ತು. ಅದುಮಿದ ಮೇಲೆ ಏನು ಎನ್ನುವುದು ಅವನಲ್ಲಿರಲಿಲ್ಲ. ತಾನು ನಲ್ಲಿಯ ಹತ್ತಿರ ಆ ದಿನವೇ ಸತ್ತಿದ್ದರೆ ತಾಯಿ ಮಗಳು ಎಲ್ಲಿಗಾದರೂ ಹೋಗಿ ಬದುಕಿಕೊಳ್ಳುತ್ತಿದ್ದರು. ಈ ಮನೆ ಬೇಕಾಗಿರುವುದು ತನ್ನ ಈ ದೇಹ ಮಲಗುವುದಕ್ಕೆ. ಅಷ್ಟು ತಿಳಿಯಿತು ಅವನಿಗೆ. ಅವಳು ಬಹಳ ಹೊತ್ತು ಕೈ ಹಿಡಿದು ಕಾದಳು. ಅವನ ಕೈ ಸುಮ್ಮನೆ ಬಿದ್ದಿತ್ತು. ಕೊನೆಗೆ ಅವಳೇ ಅದನ್ನು ಚಾಪೆಯ ಮೇಲಿಟ್ಟು ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಒನಕೆಯ ಸದ್ದು ಮತ್ತೆ ಶುರುವಾಯಿತು.

ವೈಶಾಖದಲ್ಲಿ ಲೈನಿನ ಮುಂದೆಯೇ ಚಪ್ಪರ ಎದ್ದಿತು. ಮದುವೆಯ ಬೆಳಿಗ್ಗೆ ಮೊದಲ ರೈಲಿಗೆ ಜಯರಾಮ ಬಂದ, ಬಾಳೆಎಲೆಯ ದೊಡ್ಡ ಕಟ್ಟು ಹೊತ್ತುಕೊಂಡು. ಅವನು ಬರುತ್ತಾನೆಂದು ಯಾರೂ ಅಂದುಕೊಂಡಿರಲಿಲ್ಲ. "ಅವ್ವಂಗೆ ಮೈ ಸರಿಯಿಲ್ಲ ಮಾವ, ಅದಕ್ಕೆ ಬರ್ಲಿಲ್ಲ" ಎಂದ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ಕಿವಿ ಕೆಂಪಾಯಿತು.

ಧಾರೆಯ ಹೊತ್ತಿಗೆ ಮುನಿನಾರಾಯಣಪ್ಪನನ್ನು ಎತ್ತಿಕೊಂಡು ಬರಬೇಕಿತ್ತು. ಕುಪ್ಪುಸ್ವಾಮಿ ಅಡುಗೆಯ ಕಡೆ ಇದ್ದ. ಯಾರು ಯಾರು ಎನ್ನುವಷ್ಟರಲ್ಲಿ ಜಯರಾಮ ಬಗ್ಗಿ, ಮಾವನ ಬೆನ್ನಿಗೊಂದು ಮಂಡಿಗೊಂದು ಕೈ ಕೊಟ್ಟು ಎತ್ತಿಕೊಂಡ. ಹೊಲದಲ್ಲಿ ದುಡಿದ ಹುಡುಗ, ಮಗುವನ್ನು ಎತ್ತಿದಂತೆ ಎತ್ತಿದ. ಹಸೆಮಣೆಯ ಪಕ್ಕ ಕೂರಿಸಿ, ಬೀಳದಂತೆ ಹಿಂದೆ ಕೂತು ಬೆನ್ನಿಗೆ ಎದೆ ಕೊಟ್ಟ. ಬಲಗೈ ಮುಷ್ಟಿ ಬಿಚ್ಚಲಿಲ್ಲ. ಅಶ್ವತ್ಥಪ್ಪ ಬೆರಳನ್ನು ಒಂದೊಂದಾಗಿ ಬಿಡಿಸಿದ, ಅದರ ಮೇಲೆ ಮುತ್ಯಾಲಮ್ಮ ನೀರು ಬಿಟ್ಟಳು. ನೀರು ಆ ಸತ್ತ ಕೈಯ ಮೇಲಿಂದ ಕನಕಳ ಕೈಗೆ, ಅಲ್ಲಿಂದ ಆಂಜಿನಪ್ಪನ ಕೈಗೆ ಇಳಿಯಿತು. ಅವನಿಗೆ ಅದರ ತಂಪೂ ತಿಳಿಯಲಿಲ್ಲ. ತಿಳಿದದ್ದು ಕುತ್ತಿಗೆಯ ಹಿಂದೆ ಬಡಿಯುತ್ತಿದ್ದ ಜಯರಾಮನ ಉಸಿರು ಮಾತ್ರ. ಊಟಕ್ಕೆ ನಿಲ್ಲದೆ ಜಯರಾಮ ಹೊರಟುಹೋದ.

ಆಂಜಿನಪ್ಪ ಒಳ್ಳೆಯವನೇ ಆಗಿದ್ದ. ಮಾತು ಕಡಿಮೆ. ಕುಡಿಯುತ್ತಿರಲಿಲ್ಲ. ಮನೆ ಅವನ ಹೆಸರಿಗಾಯಿತು. ಭಾನುವಾರಗಳಲ್ಲಿ ಮಾವನನ್ನು ಬೆನ್ನ ಮೇಲೆ ಹೊತ್ತು ನಲ್ಲಿಗೆ ಕರೆದೊಯ್ದು, ಬಿಸಿನೀರು ಬೆರೆಸಿ, ಬೆನ್ನುಜ್ಜಿ ಸ್ನಾನ ಮಾಡಿಸುತ್ತಿದ್ದ. ಅವನನ್ನು ದ್ವೇಷಿಸಲು ಮುನಿನಾರಾಯಣಪ್ಪ ಬಹಳ ದಿನ ಪ್ರಯತ್ನಪಟ್ಟ, ಆಗಲಿಲ್ಲ. ಕನಕ ಗಂಡನಿಗೆ ಬುತ್ತಿ ಕಟ್ಟುತ್ತಿದ್ದಳು, ಅಂಗಳ ಗುಡಿಸುತ್ತಿದ್ದಳು. ಮೊದಲು ನಲ್ಲಿಯಲ್ಲಿ ನೀರು ಹಿಡಿಯುವಾಗ ಹಾಡಿಕೊಳ್ಳುತ್ತಿದ್ದವಳು ಈಗ ಹಾಡುತ್ತಿರಲಿಲ್ಲ. ಅದು ಬೇರೆ ಯಾರ ಗಮನಕ್ಕೂ ಬಂದಂತಿರಲಿಲ್ಲ.

ಜಯರಾಮನಿಗೆ ಮಾಲೂರು ಕಡೆಯ ಹೆಣ್ಣು ತಂದರು. ಅಮ್ಮಾಜಮ್ಮ ಅಣ್ಣನ ಮನೆಗೆ ಮತ್ತೆ ಕಾಲಿಟ್ಟದ್ದು ಕನಕಳ ಮಗುವಿಗೆ ಹೆಸರಿಡುವ ದಿನ. ಕೂದಲು ಹಣ್ಣಾಗಿತ್ತು. ಮಗುವಿಗೆ ಅಂಗಿ, ಮಡಿಲಲ್ಲಿ ಹುರುಳಿಯ ಗಂಟು ತಂದಿದ್ದಳು. ಬಂದವರೆಲ್ಲ ಊಟಕ್ಕೆ ಕೂತಾಗ ಅಣ್ಣನ ಚಾಪೆಯ ಹತ್ತಿರ ಬಂದು ಕೂತಳು.

"ಅಣ್ಣ, ಅವತ್ತು ನಿನ್ ಮೇಲೆ ಬೋ ಕ್ವಾಪ ಮಾಡ್ಕೊಂಡಿದ್ದೆ. ನನ್ನಣ್ಣ ಮಾತಿಗೆ ತಪ್ಪಿದ ಅಂತ ನಾನು ಎಷ್ಟು ಅತ್ತಿವ್ನೋ ದೇವ್ರಿಗೇ ಗೊತ್ತು" ಎಂದಳು. "ಈಗ ಇಲ್ಲ. ನೀನು ಒಪ್ಪಿದ್ದೇ ಸರಿ. ನಿನ್ ಜಾಗದಲ್ಲಿ ನಾನಿದ್ರೂ ಅಂಗೇ ಮಾಡ್ತಿದ್ದೆ. ಅದನ್ನ ಮನಸ್ಸಲ್ಲಿ ಇಟ್ಕೋಬ್ಯಾಡ."

ಒಲೆಯ ಮುಂದಿದ್ದ ಮುತ್ಯಾಲಮ್ಮ ಸೌಟು ಆಡಿಸುವುದನ್ನು ನಿಲ್ಲಿಸಿದಳು. ಇತ್ತ ತಿರುಗಲಿಲ್ಲ. ಮುನಿನಾರಾಯಣಪ್ಪ ಅವಳ ಬೆನ್ನನ್ನು ನೋಡಿದ, ತಂಗಿಯ ಮುಖ ನೋಡಿದ. ತಾನು ಮಾಡದ ತಪ್ಪನ್ನು ಅವಳು ಮನ್ನಿಸುತ್ತಿದ್ದಳು. ಅಷ್ಟು ದೂರದಿಂದ ಅದನ್ನೇ ಹೊತ್ತು ತಂದಿದ್ದಳು. ಅವನು ಈ ಸಲ ಬಾಯಿ ತೆರೆಯಲೇ ಇಲ್ಲ.

ಅಮ್ಮಾಜಮ್ಮ ಸಂಜೆಯ ರೈಲಿಗೆ ಹೊರಟಳು. ಆಂಜಿನಪ್ಪ ಸ್ಟೇಷನ್ನಿನ ತನಕ ಅವಳ ಜೊತೆ ಹೋಗಿಬಂದ. ಒಳಗೆ ಮಗು ಅಳುತ್ತಿತ್ತು, ಕನಕ ಕೈ ತೊಳೆದುಕೊಂಡು ಅದರ ಕಡೆ ಓಡಿದಳು.