ಮನೆಯೊಳಗೆ ಚಪ್ಪಲಿ ಹಾಕಿಕೊಂಡ ಹುಡುಗಿ

ಎಣ್ಣೆಬಣ್ಣಕ್ಕೆ ಒಂದು ವಾಸನೆ ಇದೆ. ಬಣ್ಣದಲ್ಲಿ ಕಲಸುವ ಅಗಸೆ ಎಣ್ಣೆಯ ವಾಸನೆ ಅದು ಎಂದು ಮೊಮ್ಮಗಳು ಇರಾ ಹೇಳಿದಳು. ಕಳೆದ ತಿಂಗಳು ಅವಳು ನನ್ನನ್ನು ಬಾಂದ್ರಾದ ಒಂದು ಚಿತ್ರಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದಳು. ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟದ್ದೇ ತಡ, ಏಸಿಯ ತಂಪಿನ ಜೊತೆ ಆ ವಾಸನೆ ಬಂದು ಮುಖಕ್ಕೆ ತಾಗಿತು. ಅರುವತ್ತು ವರ್ಷ ಹಿಂದಿನ ಗ್ರಾಂಟ್ ರೋಡಿನ ನಮ್ಮ ಚಾಳಿನ ಮರದ ಮೆಟ್ಟಿಲ ಬುಡದಲ್ಲಿ ನಾನು ನಿಂತಿದ್ದೆ. ಅಲ್ಲಿ ಕೆಳಗಿನ ಅಂಗಡಿಯಲ್ಲಿ ಬಿಜಾಪುರದ ಕಡೆಯ ಒಬ್ಬ ಸಾಬರು ಮಂಚ, ಕಪಾಟು ಮಾಡುತ್ತಿದ್ದರು. ನಾವು ಅವರನ್ನು ಚಾಚಾ ಎನ್ನುತ್ತಿದ್ದೆವು. ಮರಕ್ಕೆ ಅವರು ಬಟ್ಟೆಯಲ್ಲಿ ಅದ್ದಿ ಉಜ್ಜುತ್ತಿದ್ದದ್ದು ಇದೇ ಎಣ್ಣೆಯನ್ನು. ಬಿಸಿಲು ಏರಿದಂತೆ ಆ ವಾಸನೆ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು, ಎರಡನೆಯ ಮಾಳಿಗೆಯ ನಮ್ಮ ಕೋಣೆಯಲ್ಲಿ ಅಮ್ಮ ಬೇಯಿಸುವ ಕುಚ್ಚಲಕ್ಕಿ ಗಂಜಿಯ ಹಬೆಯೊಂದಿಗೆ ಬೆರೆಯುತ್ತಿತ್ತು.

ಇರಾ ನನ್ನನ್ನು ನಿಲ್ಲಿಸಿದ್ದು ಕೊನೆಯ ಗೋಡೆಯ ಒಂದು ಚಿತ್ರದ ಎದುರು. ಹೆಚ್ಚುಕಡಿಮೆ ನನ್ನಷ್ಟೇ ಎತ್ತರದ ಚಿತ್ರ. ಹಳದಿ ಬೆಳಕಿನ ಕೋಣೆ, ಅರ್ಧ ತೆರೆದ ಬಾಗಿಲು. ಏಳು ವರ್ಷದ ಒಬ್ಬ ಹುಡುಗಿ, ಅವಳ ಮುಂದೆ ನಾಲ್ಕು ವರ್ಷದ ಹುಡುಗ. ಹುಡುಗಿ ಹಿಂದಿನಿಂದ ಎರಡೂ ಅಂಗೈಗಳಲ್ಲಿ ಅವನ ಕಣ್ಣು ಮುಚ್ಚಿದ್ದಾಳೆ. ಹುಡುಗ ನಗುತ್ತಿದ್ದಾನೆ. ಅವನ ಹಾಲುಹಲ್ಲುಗಳನ್ನು ಚಿತ್ರಕಾರರು ಬಹಳ ಮಮತೆಯಿಂದ ಬರೆದಿದ್ದರು. ಪಕ್ಕದ ಚೀಟಿಯನ್ನು ಓದಿ ಇರಾ, "ಇನ್ನೋಸೆನ್ಸ್ ಅಂತ ಹೆಸರು ಅಜ್ಜಿ. ಕನ್ನಡದಲ್ಲಿ ಏನು ಹೇಳೋದು?" ಎಂದಳು. ಮುಗ್ಧತೆ ಎಂದೆ. ಕಾಲೇಜಿಗಾಗಿ ಅವಳು ಆ ಚಿತ್ರದ ಮೇಲೆ ಎರಡು ಪುಟ ಬರೆಯಬೇಕಿತ್ತಂತೆ. "ಸಿಂಪಲ್ ಅಲ್ವಾ? ಇಬ್ಬರೂ ಆಟ ಖೇಲ್ತಾ ಇದ್ದಾರೆ. ಏನೂ ಟೆನ್ಶನ್ ಇಲ್ಲ. ನಿಮಗೆ ಏನು ಅನಿಸ್ತದೆ ಅಜ್ಜಿ?"

ನಾನು ಹುಡುಗಿಯ ಪಾದಗಳನ್ನು ನೋಡುತ್ತಿದ್ದೆ. ಹುಡುಗ ಬರಿಗಾಲಲ್ಲಿದ್ದ, ಅವಳ ಕಾಲಲ್ಲಿ ಬಕಲ್ ಹಾಕಿದ ಕೆಂಪು ಚಪ್ಪಲಿ ಇತ್ತು. ನಮ್ಮಂಥವರ ಮನೆಯೊಳಗೆ ಯಾವ ಮಗುವೂ ಚಪ್ಪಲಿ ಹಾಕಿಕೊಂಡು ಆಡುವುದಿಲ್ಲ. ಅವಳ ಮುಖ ಬಾಗಿಲ ಕಡೆಗಿತ್ತು. ಆ ಹುಡುಗಿ ಎಲ್ಲಿಗೋ ಹೊರಟಿದ್ದಾಳೆ, ಹುಡುಗನಿಗೆ ಅದು ಗೊತ್ತಿಲ್ಲ.

ಇಷ್ಟನ್ನು ಹೇಳಬಹುದಿತ್ತು. ಆದರೆ ನಾಲ್ಕು ಜನರ ನಡುವೆ ಬಾಯಿಬಿಡಲು ನನಗೆ ಈ ಪ್ರಾಯದಲ್ಲೂ ನಾಚಿಕೆ. ಚಂದ ಉಂಟು ಎಂದಷ್ಟೇ ಹೇಳಿದೆ. ಅದಕ್ಕಾಗಿ ಈಗ ಬರೆಯುತ್ತಿದ್ದೇನೆ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಕನ್ನಡ, ತಪ್ಪಿದ್ದರೆ ತಿದ್ದಿಕೊಳ್ಳಿ. ಮೊಮ್ಮಗ ನೀಲ್‌ಗೆ ಕನ್ನಡ ಅಕ್ಷರ ಬಾರದು, ಇರಾ ಓದಿ ಹೇಳಲಿ. ಆ ಹುಡುಗಿ ಮಾಡಿದ್ದನ್ನು ನಾನೂ ಮಾಡಿದ್ದೇನೆ ಮಕ್ಕಳೇ. ನಿಮ್ಮ ಸುಧಾಕರ ಅಜ್ಜನಿಗೆ, ನನ್ನ ಒಬ್ಬನೇ ತಮ್ಮನಿಗೆ.

ಅಪ್ಪ ಹೊಟೇಲಿನಲ್ಲಿ ಅಡುಗೆಯವರು. ಹಾಗಾಗಿ ದಿನದ ಬಹುಪಾಲು ಆ ಒಂದು ಕೋಣೆಯಲ್ಲಿ ಅಮ್ಮ, ನಾನು, ಸುಧಾ ಮೂವರೇ. ಅವನು ನನ್ನ ಫ್ರಾಕಿನ ಹಿಂದಿನ ಪಟ್ಟಿಯನ್ನು ಹಿಡಿದುಕೊಂಡೇ ದೊಡ್ಡವನಾದ. ವರಾಂಡದ ತುದಿಯ ನಳ್ಳಿಗೆ ಹೋದರೂ ಹಿಂದೆಯೇ, ಹಪ್ಪಳ ಕಾಯಲು ಮೇಲಿನ ಗಚ್ಚಿಗೆ ಹೋದರೂ ಹಿಂದೆಯೇ. ನಾನು ಒಂದು ಉಂಡೆ ಬಾಯಿಗಿಟ್ಟರೆ ಮಾತ್ರ ಅವನು ಒಂದು ಉಂಡೆ ತಿನ್ನುತ್ತಿದ್ದ. ಬಾಲ ಬಂತು ನೋಡಿ ಎಂದು ಚಾಳಿನ ಹೆಂಗಸರು ನಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ಊರಿನಿಂದ ಸೋದರಮಾವ ಬಂದರು. ನಮ್ಮಲ್ಲಿ ಮನೆತನ ಹೆಣ್ಣಿನ ಕಡೆಯಿಂದ ನಡೆಯುತ್ತದೆ, ಹಿರಿಯ ಮಾವನ ಮಾತಿಗೆ ಎದುರಿಲ್ಲ. ಕುಟುಂಬದ ಮನೆಯಲ್ಲಿ ಗಂಡಸರು ಎಷ್ಟಿದ್ದರೂ ಹೆಣ್ಣಿಲ್ಲದಿದ್ದರೆ ದೀಪ ನಂದಿದ ಹಾಗೆಯೇ. ಅಮ್ಮ ಆ ಮನೆಯ ಒಬ್ಬಳೇ ಮಗಳು, ನಾನು ಅಮ್ಮನ ಒಬ್ಬಳೇ ಮಗಳು. ಬೇರೆಯವರ ಮನೆಗಳಲ್ಲಿ ಗಂಡುಮಗುವಿಗಾಗಿ ಜಗಳವಂತೆ. ನಮ್ಮ ಕೋಣೆಯಲ್ಲಿ ಮಾವ ಚಾಪೆಯ ಮೇಲೆ ಕೂತು, ಚಹಾ ಕುಡಿದು, ಮೆಲ್ಲನೆ ಹೇಳಿದರು: "ಗಂಡು ಇಲ್ಲೇ ಇರ್ಲಿ. ಹೆಣ್ಣು ನಮ್ಮ ಮನೆದು, ಅವಳು ಊರಲ್ಲಿ ಬೆಳೀಬೇಕು." ಅಪ್ಪ ಲೋಟ ನೋಡುತ್ತಾ ಕೂತಿದ್ದರು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು.

ನನಗೆ ಹೇಳಿದ್ದು, ನಾಲ್ಕು ದಿನ ಊರು ನೋಡಿಕೊಂಡು ಬಾ ಎಂದು. ಆದರೆ ನನ್ನ ಎಲ್ಲ ಬಟ್ಟೆಗಳನ್ನೂ ಅಮ್ಮ ಟ್ರಂಕಿಗೆ ತುಂಬಿದ್ದನ್ನು ನೋಡಿದ್ದೆ. ಮಳೆಗಾಲಕ್ಕೆಂದು ಪುಟ್ಟ ಕೊಡೆಯೂ ಅದರಲ್ಲಿ ಹೋಗಿತ್ತು. ನಾಲ್ಕು ದಿನ ಹೋಗುವವರಿಗೆ ಕೊಡೆ ಯಾಕೆ? ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ ಅಳಲಿಲ್ಲ. ರೈಲಿನಲ್ಲಿ ಕೂರುವ ಆಸೆ, ಹೊಸ ಫ್ರಾಕಿನ ಆಸೆ.

ಹೊರಡುವ ಬೆಳಿಗ್ಗೆ ಅಮ್ಮ ನನ್ನನ್ನು ಒಲೆಯ ಮೂಲೆಗೆ ಎಳೆದು, ಸುಧಾ ಕಂಡರೆ ಬಿಡಲಿಕ್ಕಿಲ್ಲ, ಕಣ್ಣಾಮುಚ್ಚಾಲೆ ಆಡಿಸು, ಅಷ್ಟರಲ್ಲಿ ಇಳಿದುಬಿಡಿ ಎಂದರು. ಬಾಗಿಲಲ್ಲಿ ಬಗ್ಗಿ ಬಕಲ್ ಹಾಕುತ್ತಾ ನಿಲ್ಲಲು ಸಮಯವಿರುವುದಿಲ್ಲವೆಂದು, ಜೀವಮಾನದಲ್ಲಿ ಅದೊಂದೇ ಸಲ ಒಳಗೆಯೇ ನನಗೆ ಚಪ್ಪಲಿ ಹಾಕಿದರು. ನಾನು ಸುಧಾನನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿ, ಅವನ ಕೈಗಳನ್ನು ಅವನ ಕಣ್ಣಿನ ಮೇಲಿಟ್ಟೆ. ಅವನಿಗೆ ಹತ್ತರವರೆಗೆ ಮಾತ್ರ ಎಣಿಸಲು ಬರುತ್ತಿತ್ತು. ಅದು ಸಾಲದು ಅನಿಸಿತು. "ಹತ್ತು ಆದ ಮೇಲೆ ಪುನಃ ಒಂದರಿಂದ ಶುರು ಮಾಡು. ನಾನು ಕೂಗುವವರೆಗೂ ಎಣಿಸ್ತಾ ಇರು" ಎಂದೆ. ಇದನ್ನು ಅಮ್ಮ ಹೇಳಿಕೊಟ್ಟಿರಲಿಲ್ಲ, ಮಾವನೂ ಹೇಳಿಕೊಟ್ಟಿರಲಿಲ್ಲ. ನನಗೇ ಹೊಳೆದ ಉಪಾಯ.

ನಾವು ಮೆಟ್ಟಿಲು ಇಳಿಯುವಾಗ ಮೇಲಿನಿಂದ ಅವನ ದನಿ ಕೇಳುತ್ತಿತ್ತು. ಆರು, ಏಳು, ಎಂಟು. ಚಾಚಾ ಎಣ್ಣೆಬಟ್ಟೆ ಕೈಯಲ್ಲಿ ಹಿಡಿದು, "ಹೊಸಾ ಅಂಗಿ ತೊಟ್ಟು ಎಲ್ಲಿಗೆ ಹೊಂಟೀಯವ್ವಾ?" ಎಂದರು. ಮಾವ ತುಟಿಯ ಮೇಲೆ ಬೆರಳಿಟ್ಟರು. ನಾನೂ ಹಾಗೆಯೇ ಬೆರಳಿಟ್ಟು ಚಾಚಾನ ಕಡೆ ನೋಡಿ ನಕ್ಕೆ. ಕುದುರೆಗಾಡಿ ಹತ್ತುವಾಗಲೂ ಒಂದು, ಎರಡು ಎಂದು ಮತ್ತೆ ಶುರುವಾದದ್ದು ಕೇಳಿತು. ಆಮೇಲೆ ರಸ್ತೆಯ ಗದ್ದಲ.

ನಾನು ಕೂಗಲಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಮೇ ರಜೆಯಲ್ಲಿ ಅಮ್ಮ ಅಪ್ಪ ಸುಧಾನನ್ನು ಕರೆದುಕೊಂಡು ಊರಿಗೆ ಬರುತ್ತಿದ್ದರು. ಸುಧಾ ನನ್ನಿಂದ ಒಂದು ಮಾರು ದೂರವೇ ನಿಲ್ಲುತ್ತಿದ್ದ. ಆಟಕ್ಕೆ ಕರೆದರೆ ಬರುತ್ತಿರಲಿಲ್ಲ. ಹತ್ತೊಂಬತ್ತರಲ್ಲಿ ನಿಮ್ಮ ಅಜ್ಜನನ್ನು ಮದುವೆಯಾಗಿ ನಾನು ಈ ಪಟ್ಟಣಕ್ಕೇ ವಾಪಸಾದೆ. ತಮ್ಮ ಮಾಡಬೇಕಾದ್ದನ್ನೆಲ್ಲ ಅವನು ಮಾಡಿದ. ರೇಶನ್ ಕ್ಯೂನಲ್ಲಿ ನಿಂತ, ನಿಮ್ಮ ಅಪ್ಪನನ್ನು ಹೆಗಲ ಮೇಲೆ ಕೂರಿಸಿಕೊಂಡು ಚೌಪಾಟಿಗೆ ಹೋದ. ಆದರೆ ಮನೆಗೆ ಬಂದರೆ ಬಾಗಿಲ ಪಕ್ಕದ ಸ್ಟೂಲಿನಲ್ಲೇ ಕೂತು ಎದ್ದು ಹೋಗುತ್ತಿದ್ದ. ಅವನ ಸಿಟ್ಟು ಆರಲಿಲ್ಲ, ಆರುವುದೂ ಇಲ್ಲ ಎಂದು ನಾನು ತಿಳಿದುಕೊಂಡೆ. ಕೇಳುವ ಧೈರ್ಯ ಬರಲಿಲ್ಲ.

ನಿಮ್ಮ ಅಜ್ಜ ತೀರಿಕೊಂಡು ಹದಿಮೂರನೆಯ ದಿನ. ಡೊಂಬಿವಲಿಯ ಒಂದು ಹಾಲ್‌ನಲ್ಲಿ ಊಟ ಮುಗಿದು ನೆಂಟರೆಲ್ಲ ಲೋಕಲ್ ರೈಲು ಹಿಡಿಯಲು ಹೋಗಿಯಾಗಿತ್ತು. ಸುಧಾ ಮಾತ್ರ ಉಳಿದಿದ್ದ. ಒಂದು ಮಾತೂ ಹೇಳದೆ ಹೋದರಲ್ಲ ಎಂದು ನಾನು ಅಳುತ್ತಿದ್ದೆ. ಅವನು ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದು, "ಹೇಳದೆ ಹೋಗುವವರನ್ನು ನಾನು ಸಣ್ಣದಿರುವಾಗಲೇ ನೋಡಿದ್ದೇನೆ ಅಕ್ಕ" ಎಂದು ನಕ್ಕ.

ನನ್ನ ಅಳು ನಿಂತಿತು.

"ಕತ್ತು ತಿರುಗಿಸಿ ಬೆರಳ ಸಂದಿಯಿಂದ ನೋಡಿದ್ದೆ. ನೀನು ಮಾವನ ಕೈ ಹಿಡ್ಕೊಂಡು ಬಾಗಿಲು ದಾಟಿದ್ದು."

"ಮತ್ತೆ ಯಾಕೆ ಕೂಗಲಿಲ್ಲ ನೀನು?"

"ಕೂಗಿದ್ರೆ ಕಣ್ಣು ಬಿಟ್ಟದ್ದು ಗೊತ್ತಾಗ್ತಿತ್ತಲ್ಲ. ಎಣಿಸ್ತಾ ನಿಂತೆ. ಅಮ್ಮ ಕರೆದ್ರೂ ತಿರುಗದೆ ಸಾಯಂಕಾಲದವರೆಗೆ ಎಣಿಸಿದ್ದೇನೆ, ಕೊನೆಗೆ ಅವರೇ ಬಂದು ಎತ್ತಿಕೊಂಡ್ರು." ಅವನು ತನ್ನ ಅಂಗೈ ನೋಡಿಕೊಂಡ. "ನಾನು ಕಳ್ಳಾಟ ಆಡಿದ್ದಕ್ಕೇ ನೀನು ವಾಪಸ್ ಬರ್ಲಿಲ್ಲ ಅಂತ ಅಂದ್ಕೊಂಡಿದ್ದೆ. ಊರಿಗೆ ಬಂದಾಗ ನಿನ್ನ ಹತ್ತಿರ ಬರ್ಲಿಕ್ಕೆ ಹೆದರಿಕೆ. ಆಮೇಲೆ ದೊಡ್ಡವರಾದೆವು. ಹೆದರಿಕೆ ಹೋಯ್ತು, ಅಭ್ಯಾಸ ಉಳೀತು."

"ಕಳ್ಳಾಟ ಆಡಿದ್ದು ನಾನು ಮಗ" ಎಂದೆ. "ನನಗೆ ಎಲ್ಲ ಗೊತ್ತಿತ್ತು."

ಅರುವತ್ತು ದಾಟಿದ, ತಲೆಯೆಲ್ಲ ನರೆತ ನನ್ನ ತಮ್ಮ ನನ್ನ ಮುಖ ನೋಡಿದ. ಆಮೇಲೆ, "ಹೌದಾ" ಎಂದ. "ಹಾಗಾದ್ರೆ ಸರಿ."

ಇರಾ, ನಿನ್ನ ಎರಡು ಪುಟ ಬರೆದು ಕೊಟ್ಟಾಗಿರಬಹುದು. ಆ ಚಿತ್ರದ ಹುಡುಗಿಯ ಮುಖದಲ್ಲಿ ಮುಗ್ಧತೆ ಇದೆಯೋ ಇಲ್ಲವೋ ನನಗೆ ಹೇಳಲು ಬರುವುದಿಲ್ಲ. ತಪ್ಪು ತನ್ನದೇ ಎಂದುಕೊಂಡು ಗೋಡೆಯ ಕಡೆ ಮುಖಮಾಡಿ ಎಣಿಸುತ್ತ ನಿಂತ ಮಗುವಿನಲ್ಲಿ ಅದು ಇತ್ತು.

ಆ ದಿನದ ನಂತರ ಸುಧಾ ಒಂದು ವರ್ಷ ಬದುಕಿದ್ದ. ಪ್ರತಿ ಆದಿತ್ಯವಾರ ಬರುತ್ತಿದ್ದ. ಸ್ಟೂಲನ್ನು ಬಿಟ್ಟು ನನ್ನ ಪಕ್ಕದಲ್ಲೇ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದ. ಮಾತೇನೂ ಇರುತ್ತಿರಲಿಲ್ಲ, ಟಿವಿ ನೋಡುತ್ತಿದ್ದೆವು. ಇಷ್ಟು ದೊಡ್ಡ ಸೋಫಾ ಇರುವಾಗ ಯಾಕೆ ಹೀಗೆ ಅಂಟಿಕೊಂಡು ಕೂತಿದ್ದೀರಿ ಎಂದು ನೀಲ್ ಒಮ್ಮೆ ತಮಾಷೆ ಮಾಡಿದ್ದ. ನಾವಿಬ್ಬರೂ ನಕ್ಕುಬಿಟ್ಟಿದ್ದೆವು. ಅದಕ್ಕೆ ಉತ್ತರ ಇದು ಮಗ. ಅವನು ಹೋಗಿ ಎರಡು ಮಳೆಗಾಲ ಕಳೆಯಿತು. ಆದಿತ್ಯವಾರಗಳಲ್ಲಿ ನಾನು ಈಗಲೂ ಸೋಫಾದ ಒಂದು ತುದಿಗೆ ಸರಿದೇ ಕೂರುತ್ತೇನೆ.